ಗೂಟದಕ್ಕ ಹೂ ನೋಡಿ ಬಂದದ್ದು

ಆ ಲಾಂಡ್ರಿಯ ಶೆಡ್ಡಿನಲ್ಲಿ ಕುರ್ಚಿ ಎಂಬುದು ಇದ್ದದ್ದು ಒಂದೇ ಒಂದು. ಮ್ಯಾನೇಜರ್ ಕೋಣೆಯೊಳಗಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೇರೆ ಲೋಕ. ಬಾಯ್ಲರಿನ ಬುಸುಗುಟ್ಟುವಿಕೆ, ಒದ್ದೆ ಬಟ್ಟೆಯ ಹಬೆ, ಬ್ಲೀಚಿನ ಘಾಟು ತುಂಬಿದ ಆ ಉದ್ದನೆಯ ತಗಡಿನ ಸೂರಿನಡಿ, ಹರಿದ ಶೀಟುಗಳಿಗೆ ತೇಪೆ ಹಾಕುವ ಮೂಲೆಯೊಂದಿತ್ತು. ಕುರ್ಚಿ ಇದ್ದದ್ದು ಅಲ್ಲಿ, ಕಿಟಕಿಯ ಪಕ್ಕ. ಮಿಕ್ಕವರೆಲ್ಲ ನಿಂತೇ ದುಡಿಯಬೇಕು, ನಿಂತೇ ನೀರು ಕುಡಿಯಬೇಕು, ನಿಂತೇ ಆಕಳಿಸಬೇಕು. ಕೂತವರ ಕೈಯೂ ಕೂರುತ್ತದೆ ಎಂಬುದು ಅಲ್ಲಿನ ವೇದವಾಕ್ಯ.

ಊರಿನ ಆಸ್ಪತ್ರೆಗಳಲ್ಲಿ, ಹೋಟೆಲುಗಳಲ್ಲಿ ಜನ ಮಲಗಿ ಎದ್ದ ಶೀಟುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಊರು ಮಲಗಲೆಂದು ಒಂದಷ್ಟು ಜನ ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತಿದ್ದರು. ಇದರ ಬಗ್ಗೆ ಅವರ್ಯಾರೂ ಯೋಚನೆ ಮಾಡಿದವರಲ್ಲ. ಯೋಚನೆ ಮಾಡುವುದಕ್ಕೂ ಒಂದು ಕಡೆ ಕೂರಬೇಕಲ್ಲ!

ಇಸ್ತ್ರಿ ರೋಲರಿನ ಬಾಯಿಗೆ ಶೀಟು ಉಣಿಸುವವಳು ಗೂಟದಕ್ಕ. ಮದುವೆಯಾದ ವರ್ಷ ಆ ರೋಲರಿನ ಮುಂದೆ ಬಂದು ನಿಂತವಳು, ಮಗಳ ಮದುವೆ ಮಾಡಿ ಕಳಿಸಿದ ಮೇಲೂ ಅಲ್ಲೇ ನಿಂತಿದ್ದಳು. ಗೂಟ ಹೊಡೆದ ಹಾಗೆ ನಿಲ್ತಾಳೆ ಕಣ್ರೋ ಎಂದು ಬಾಯ್ಲರ್ ಉರಿಸುವವನು ಎಂದೋ ಅಂದದ್ದು ಹೆಸರಾಗಿ ಅಂಟಿಕೊಂಡಿತು. ಅವನನ್ನು ಎಲ್ಲರೂ ಬಾಯ್ಲರ್ ಮಾವ ಎನ್ನುತ್ತಿದ್ದರು. ಯಾರಿಗೂ ಮಾವನಲ್ಲ, ಆದರೆ ಎಲ್ಲರನ್ನೂ ಸೊಸೆಯಂದಿರಂತೆ ಆಡಿಕೊಳ್ಳುವ ಹಕ್ಕು ತನ್ನದೆಂದು ತಿಳಿದವನು.

ಶೀಟಿನ ಒಂದು ಮೂಲೆ ಗೂಟದಕ್ಕನ ಕೈಯಲ್ಲಿದ್ದರೆ ಇನ್ನೊಂದು ಮೂಲೆ ಅವಳ ಓರಗಿತ್ತಿಯ ಕೈಯಲ್ಲಿ. ಮೈದುನನ ಹೆಂಡತಿ. ಮನೆಯಲ್ಲಿ ಒಂದೇ ಒಲೆ, ಇಲ್ಲಿ ಒಂದೇ ಶೀಟು. ಇಬ್ಬರೂ ಒಟ್ಟಿಗೆ ಕೊಡವಬೇಕು, ಒಟ್ಟಿಗೆ ಎಳೆದು ಹಿಡಿಯಬೇಕು, ಒಟ್ಟಿಗೆ ಬಿಡಬೇಕು. ಒಬ್ಬಳು ಉಸಿರು ತಪ್ಪಿದರೆ ಶೀಟು ಸುಕ್ಕಾಗುತ್ತದೆ, ಸುಕ್ಕಾದ ಶೀಟು ವಾಪಸ್ಸು ಬರುತ್ತದೆ. ಹಾಗಾಗಿ ಇಬ್ಬರ ನಡುವೆ ಜಗಳಕ್ಕೂ ಪುರುಸೊತ್ತಿರಲಿಲ್ಲ. ಮನೆಯಲ್ಲಿ ಮಾತು ಬಿಟ್ಟ ದಿನವೂ ಇಲ್ಲಿ ಕೈ ಕೂಡಲೇಬೇಕಿತ್ತು.

ಗೂಟದಕ್ಕನ ಕಾಲು ಕೆಟ್ಟಿತ್ತು. ಮೊದಮೊದಲು ಮೀನಖಂಡದ ಮೇಲೆ ನೀಲಿ ಗೆರೆ. ಆಮೇಲೆ ಹಗ್ಗದ ಗಂಟಿನ ಹಾಗೆ ನರ ಎದ್ದವು. ಆಮೇಲೆ ಎಡಗಾಲಿನ ಹರಡಿನ ಗಂಟಿನ ಮೇಲೆ ಚರ್ಮ ಕಪ್ಪಾಗಿ, ತುರಿಸಿ, ಒಡೆದು, ಒಂದು ಹುಣ್ಣಾಯಿತು. ಅದು ಮಾಯಲೇ ಇಲ್ಲ. ಡಾಕ್ಟರ್ ನೋಡಿ, "ಏನಮ್ಮ, ಎಷ್ಟು ಹೊತ್ತು ನಿಂತಿರ್ತೀರಿ?" ಎಂದು ಕೇಳಿದ. ಅವಳು ಹೇಳಿದಳು. ಅವನು ಪೆನ್ನು ಕೆಳಗಿಟ್ಟ. "ಕೂತು ಮಾಡೋ ಕೆಲಸ ನೋಡ್ಕೊಳ್ಳಿ. ಇಲ್ಲದಿದ್ರೆ ನಾನು ಕೊಡೋ ಮುಲಾಮು ಗೋಡೆಗೆ ಹಚ್ಚಿದ ಹಾಗೆ. ಇದು ಒಳಗೆ ಇಳಿದರೆ ಕಾಲು ಉಳಿಯಲ್ಲ."

ಈ ಮಾತನ್ನು ಮನೆಗೆ ತಂದು ಗಂಡನ ಮುಂದಿಟ್ಟಳು. ಅವನು ಹಲ್ಲುಕಡ್ಡಿ ಬಾಯಿಂದ ತೆಗೆಯದೆಯೇ, "ಕಾಲಿದ್ದು ಕೆಲಸ ಇಲ್ಲದೋರನ್ನ ಬೇಕಾದಷ್ಟು ನೋಡಿದೀನಿ. ಕಾಲಿಲ್ಲದೆ ಕೆಲಸ ಮಾಡೋರನ್ನ ನೋಡಿಲ್ಲ. ನೀನೇ ಮೊದಲನೆಯವಳಾಗು," ಎಂದ. ಹೇಳಿ ನಕ್ಕ. ತಾನು ಒಳ್ಳೆಯ ಮಾತೊಂದನ್ನು ಆಡಿದೆ ಅನಿಸಿ, ಹೊರಗೆ ಹೋಗಿ ತಮ್ಮನಿಗೂ ಹೇಳಿದ. ತಮ್ಮನೂ ನಕ್ಕ.

ನಗದೆ ಇದ್ದವಳು ಓರಗಿತ್ತಿ ಒಬ್ಬಳೇ. ದಿನಾ ಬೆಳಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹುಣ್ಣು ತೊಳೆದು, ಮುಲಾಮು ಹಚ್ಚಿ, ಲಾಂಡ್ರಿಯಿಂದ ತಂದ ಹರಕು ಶೀಟಿನ ಪಟ್ಟಿ ಸುತ್ತುವವಳು ಅವಳೇ. ಲಾಂಡ್ರಿಯಲ್ಲಿ ಈ ವಿಷಯ ಯಾರಿಗೂ ಗೊತ್ತಾಗುವಂತಿರಲಿಲ್ಲ. ಮೈಮೇಲೆ ಹುಣ್ಣು ಗಾಯ ಇರುವವರು ಆಸ್ಪತ್ರೆ ಬಟ್ಟೆ ಮುಟ್ಟಕೂಡದು ಎಂದು ಬಾಗಿಲ ಬಳಿಯೇ ಬರೆದು ಹಾಕಿತ್ತು. ಸೋಪಿನ ತೊಟ್ಟಿಯಲ್ಲಿ ಕೈ ಸುಟ್ಟುಕೊಂಡ ಹೆಂಗಸೊಬ್ಬಳನ್ನು, ಆ ತೊಟ್ಟಿ ಕಂಪನಿಯದೇ, ಆ ಸೋಪು ಕಂಪನಿಯದೇ ಆಗಿದ್ದರೂ, ಗಾಯ ಇದೆ ಎಂಬ ಕಾರಣಕ್ಕೆ ಮನೆಗೆ ಕಳಿಸಿದ್ದರು. ಗಾಯ ಮಾಯಿತು. ಕರೆ ಬರಲಿಲ್ಲ.

ಹೀಗಿರುವಾಗ ತೇಪೆ ಮೂಲೆಯ ಮುದುಕಿಗೆ ಕಣ್ಣು ಮಂಜಾಯಿತು. ಸೂಜಿಯ ಕಣ್ಣಿಗೆ ದಾರ ಹಾಕಲು ಹೋಗಿ ಬೆರಳಿಗೇ ಪೋಣಿಸಿಕೊಳ್ಳುತ್ತಿದ್ದಾಳೆ ಎಂದು ಮಾವ ಆಡಿಕೊಂಡ. ಅವಳು ಬಿಡುತ್ತಾಳೆ, ಕುರ್ಚಿ ಖಾಲಿಯಾಗುತ್ತದೆ ಎಂಬ ಸುದ್ದಿ ಶೆಡ್ಡಿನ ತುಂಬ ಹಬೆಗಿಂತ ಬೇಗ ಹಬ್ಬಿತು. ಗೂಟದಕ್ಕನಿಗೆ ಆಸೆ ಚಿಗುರಿತು. ಹೊಲಿಗೆ ಅವಳಿಗೆ ಬರುತ್ತಿತ್ತು. ಎಲ್ಲರಿಗಿಂತ ಹಳಬಳು ಅವಳೇ. ಒಂದು ದಿನ ತಡವಾಗಿ ಬಂದವಳಲ್ಲ, ಒಂದು ಶೀಟು ಸುಟ್ಟವಳಲ್ಲ. ಇಷ್ಟು ವರ್ಷ ನಿಂತವಳಿಗೆ ಕೊನೆಗೆ ಕೂರಲು ಕೊಡುತ್ತಾರೆ, ಅದು ನ್ಯಾಯ ಎಂದುಕೊಂಡಳು. ನ್ಯಾಯ ಎಂಬ ಮಾತು ಅವಳ ತಲೆಗೆ ಎಲ್ಲಿಂದ ಬಂತೋ. ಆ ಶೆಡ್ಡಿನಲ್ಲಂತೂ ಅದನ್ನು ಯಾರೂ ಒಗೆಯಲು ತಂದಿರಲಿಲ್ಲ.

ಅದೇ ಹೊತ್ತಿಗೆ ಮ್ಯಾನೇಜರಿಗೆ ವಸಂತ ಬಂತು.

ಎಲ್ಲೋ ತರಬೇತಿಗೆಂದು ಹೋಗಿ ಬಂದಿದ್ದ. ಬಂದವನೇ ರೋಲರ್ ನಿಲ್ಲಿಸಿ ಎಲ್ಲರನ್ನೂ ಗುಂಪುಗೂಡಿಸಿದ. "ನಾವೆಲ್ಲ ಒಂದು ಕುಟುಂಬ. ಬರೀ ದುಡಿಮೆ ದುಡಿಮೆ ಅಂದ್ರೆ ಹೇಗೆ? ಊರಾಚೆ ಬೆಟ್ಟದಲ್ಲಿ ಈಗ ಕಾಡುಹೂವು ಬಿಟ್ಟಿದೆಯಂತೆ. ರಜೆ ದಿನ ಎಲ್ಲರೂ ಹತ್ತೋಣ, ಹೂ ನೋಡೋಣ, ಶುದ್ಧ ಗಾಳಿ ಕುಡಿಯೋಣ. ಬಲವಂತ ಏನಿಲ್ಲ. ಯಾರು ಬಂದ್ರು, ಯಾರು ಬರಲಿಲ್ಲ ಅಂತ ನನಗೆ ನೆನಪಿರುತ್ತೆ, ಅಷ್ಟೇ." ಆಮೇಲೆ ಏನೋ ಮರೆತವನಂತೆ, "ತೇಪೆ ಮೂಲೆ ಯಾರಿಗೆ ಅಂತಲೂ ಅವತ್ತೇ ಹೇಳ್ತೀನಿ," ಎಂದು ಸೇರಿಸಿದ.

ಮನೆಗೆ ಹೋಗುವ ದಾರಿಯಲ್ಲಿ ಓರಗಿತ್ತಿ ಹೇಳಿದಳು, "ನೀನು ಬರಬೇಡ ಅಕ್ಕಾ. ಜ್ವರ ಅಂತ ಹೇಳ್ತೀನಿ."

"ಜ್ವರ ಬಂದೋಳಿಗೆ ಕುರ್ಚಿ ಕೊಡ್ತಾನಾ ಅವನು?"

"ಬೆಟ್ಟ ಹತ್ತಿದ್ರೆ ಕಾಲು ಏನಾಗುತ್ತೆ ಗೊತ್ತಾ?"

"ಒಂದು ದಿನ ಕಣೇ. ಒಂದು ದಿನ ಹತ್ತಿಬಿಟ್ರೆ ಸಾಯೋವರೆಗೂ ಕೂತಿರಬಹುದು."

ಸ್ವಲ್ಪ ದೂರ ಹೋದ ಮೇಲೆ ಓರಗಿತ್ತಿ, "ಅವನಿಗೆ ಕಾಲಿನ ವಿಷಯ ಮೆಲ್ಲಗೆ ಹೇಳಿದ್ರೆ? ಮನುಷ್ಯ ತಾನೇ ಅವನೂ," ಎಂದಳು.

"ಆ ಸೋಪಿನ ತೊಟ್ಟಿಯೋಳೂ ಹಾಗೇ ಅಂದ್ಕೊಂಡಿದ್ಲು. ಬಾಯಿ ಬಿಟ್ಟೆಯೋ, ನಿನಗೂ ನನಗೂ ಆ ಕ್ಷಣಕ್ಕೆ ತೀರಿತು."

ರಜೆಯ ದಿನ ಬೆಳಗ್ಗೆ ಎರಡು ಪಟ್ಟಿ ಹೆಚ್ಚಿಗೆ ಸುತ್ತಿಸಿಕೊಂಡಳು. ಅದರ ಮೇಲೆ ಗಂಡನ ದಪ್ಪ ಕಾಲುಚೀಲ, ಅದರ ಮೇಲೆ ಮಗಳು ಬಿಟ್ಟುಹೋದ ಕ್ಯಾನ್ವಾಸ್ ಷೂ. ಲಾಂಡ್ರಿಯ ಮುಂದೆ ಬಸ್ಸು ನಿಂತಿತ್ತು. ಮ್ಯಾನೇಜರ್ ಹುಲ್ಲಿನ ಟೋಪಿ, ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹತ್ತಿಸಿದ. ಅವನು ಅತ್ತ ತಿರುಗಿದ ತಕ್ಷಣ ಬಾಯ್ಲರ್ ಮಾವ ಪಿಸುಗುಟ್ಟಿದ: "ಕಾಲು ನೋಡ್ರೇ ಯಜಮಾನರದು! ಎರಡು ಸಲ ಬ್ಲೀಚ್ ಆಗಿದೆ."

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು.

ಬೆಟ್ಟದ ಬುಡದಲ್ಲಿ ಇಳಿದಾಗ ಬಿಸಿಲಿನ್ನೂ ಎಳೆಯದು. ಚಳಿಗಾಲ ಸವೆಸಿದ ನೆಲ ಒಮ್ಮೆಗೇ ಬಾಯಿಬಿಟ್ಟ ಹಾಗೆ ಇಳಿಜಾರಿನ ತುಂಬ ಹೂವು. ಕಾಲುದಾರಿಯ ಎರಡೂ ಬದಿಗೆ ಮೊಣಕಾಲೆತ್ತರದ ಹಳದಿ, ಅದರ ನಡುನಡುವೆ ನೇರಳೆಯ ಗೊಂಚಲು, ಬಂಡೆಗಳ ಸಂದಿಯಲ್ಲಿ ಬೆಂಕಿಕಡ್ಡಿ ಗೀರಿದಂತೆ ಕೆಂಪು. ಗಾಳಿ ಬಂದಾಗ ಇಡೀ ಬೆಟ್ಟ ಒಂದೇ ಕಡೆಗೆ ವಾಲಿ ಮತ್ತೆ ಏಳುತ್ತಿತ್ತು. ವರ್ಷವಿಡೀ ಬಿಳಿಯನ್ನೇ ಕಂಡ ಕಣ್ಣುಗಳು ಕಿರಿದಾದವು. ಆಮೇಲೆ ಅವರವರ ಬುದ್ಧಿ ಅವರವರಿಗೆ ಬಂತು.

"ಆ ಹಳದಿ ನೋಡೇ, ಥೇಟು ಗಾಯದ ಮುಲಾಮು."

"ಅದು ಸುಲಭ, ಸೋಡಾದಲ್ಲಿ ನೆನೆಸಿದ್ರೆ ಬಿಡುತ್ತೆ. ಈ ನೇರಳೆ ನೋಡು. ಹೋಟೆಲಿನೋರು ಹಾಸಿಗೆ ಮೇಲೆ ವೈನ್ ಚೆಲ್ಲಿದ್ದು."

"ಅಯ್ಯಯ್ಯೋ, ಇಡೀ ಬೆಟ್ಟ ಒಗೆದು ಕೊಡಿ ಅಂದ್ರೆ ಏನೇ ಗತಿ?"

"ಓವರ್‌ಟೈಮ್ ಇಲ್ಲ ಅಂತಾನೆ, ಅಷ್ಟೇ," ಎಂದ ಮಾವ.

ಮ್ಯಾನೇಜರ್ ಇದನ್ನೆಲ್ಲ ಆನಂದವೆಂದೇ ತಿಳಿದ. "ಕೀಳಬೇಡಿ, ಬರೀ ನೋಡಿ!" ಎಂದು ಕೂಗುತ್ತ ಮುಂದೆ ಹೊರಟ. ಅವನ ಹಿಂದೆಯೇ, ಒಂದು ಮಾರು ಬಿಟ್ಟು, ಗೂಟದಕ್ಕ. ಅವಳು ಹೂ ನೋಡಲು ಬಂದಿರಲಿಲ್ಲ. ಅವನ ಬೆನ್ನು ಅವಳಿಂದ ದೂರವಾಗಬಾರದು, ಅವನು ಯಾವಾಗ ತಿರುಗಿದರೂ ಮೊದಲು ಕಾಣುವ ಮುಖ ತನ್ನದಾಗಿರಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ಕುರ್ಚಿಯನ್ನು ಅವಳು ಬಹುಮಾನ ಎಂದುಕೊಂಡಿದ್ದಳು. ಬಹುಮಾನ ಓಡಿದವರಿಗೆ ಸಿಗುತ್ತದೆ.

ಮೊದಲ ತಿರುವಿನವರೆಗೆ ಕಾಲು ಕೇಳಿತು. ಎರಡನೆಯ ತಿರುವಿನಲ್ಲಿ ಹುಣ್ಣಿನ ಬಾಯಿ ಬಿಚ್ಚಿಕೊಂಡದ್ದು ಗೊತ್ತಾಯಿತು. ಬೆಚ್ಚಗೆ ಏನೋ ಪಟ್ಟಿಯೊಳಗೆ ಹರಿಯಿತು. ಹೆಜ್ಜೆ ಇಟ್ಟಾಗ ಕೆಂಡದ ಮೇಲೆ, ಎತ್ತಿದಾಗ ಮುಳ್ಳಿನ ಮೇಲೆ. ಹಲ್ಲು ಕಚ್ಚಿಕೊಂಡಳು. ಮುಖ ಮಾತ್ರ ನಗುತ್ತಿತ್ತು. ರೋಲರಿನ ಮುಂದೆ ಇಷ್ಟು ವರ್ಷ ಕಲಿತದ್ದು ಅದನ್ನೇ: ಸೊಂಟದ ಕೆಳಗೆ ಏನೇ ಆಗಲಿ, ಸೊಂಟದ ಮೇಲೆ ಸುಕ್ಕು ಕಾಣಬಾರದು.

"ಅಕ್ಕಾ, ಸ್ವಲ್ಪ ನಿಲ್ಲು. ಕೂತ್ಕೊಳ್ಳೋಣ," ಎಂದು ಓರಗಿತ್ತಿ ಏದುಸಿರು ಬಿಡುತ್ತ ಹಿಂದಿನಿಂದ ಬಂದು ತೋಳು ಹಿಡಿದಳು.

"ಕೈ ಬಿಡು. ಅವನು ನೋಡಿದ್ರೆ ಹಿಡ್ಕೊಂಡು ನಡೆಸ್ತಿದಾಳೆ ಅಂದ್ಕೋತಾನೆ."

"ಷೂ ನೋಡ್ಕೋ."

ನೋಡಿಕೊಂಡಳು. ಎಡಗಾಲಿನ ಷೂವಿನ ಹೊಲಿಗೆಯ ಪಕ್ಕ ಕಂದುಗೆಂಪು ಮೂಡಿತ್ತು. ಆಗ ಅವಳು ನಿಜಕ್ಕೂ ಹೆದರಿದಳು. ಹಿಂದೆ ಬರುತ್ತಿದ್ದವರು ಸಾಮಾನ್ಯ ಜನವಲ್ಲ. ಕಲೆ ನೋಡಿ ಹೊಟ್ಟೆ ಹೊರೆಯುವವರು. ಯಾವುದು ಚಹಾ, ಯಾವುದು ತುಕ್ಕು, ಯಾವುದು ಹಳೆ ರಕ್ತ, ಯಾವುದು ಹೊಸದು ಎಂದು ಮಾರು ದೂರದಿಂದ ಹೇಳಬಲ್ಲವರು. ದಾರಿಗೆ ಅಡ್ಡವಾಗಿ ಸಣ್ಣ ನೀರಿನ ಒರತೆಯೊಂದು ಹರಿಯುತ್ತಿತ್ತು, ದಾಟಲು ಕಲ್ಲು ಹಾಕಿದ್ದರು. ಕಲ್ಲು ಬಿಟ್ಟು ಬೇಕೆಂದೇ ನೀರಿಗೆ ಕಾಲಿಟ್ಟಳು. ರಕ್ತಕ್ಕೆ ತಣ್ಣೀರೇ ಮದ್ದು, ಬಿಸಿ ನೀರು ತಾಗಿದರೆ ಕಲೆ ಕೂತುಬಿಡುತ್ತದೆ. ಇದು ಆ ಶೆಡ್ಡಿನ ಮೊದಲ ಪಾಠ. ಷೂ ಉಜ್ಜಿ, ಅದರ ಮೇಲೆ ಕೆಸರು ಮೆತ್ತಿದಳು.

"ಏನಕ್ಕಾ, ಕಲ್ಲು ಕಾಣಲಿಲ್ವಾ?" ಎಂದಳು ಮಡಚುವ ವಿಭಾಗದವಳೊಬ್ಬಳು, ಷೂ ನೋಡುತ್ತ.

"ಹೂ ನೋಡ್ತಾ ಬಂದೆ ಕಣೇ, ಜಾರಿತು."

"ಹೂ ನೋಡ್ತಾ..." ಅವಳು ಷೂವಿನಿಂದ ಕಣ್ಣು ಕೀಳಲಿಲ್ಲ. ಪಕ್ಕದವಳನ್ನು ನೋಡಿದಳು. ಪಕ್ಕದವಳು ಮುಂದಿನವಳನ್ನು ನೋಡಿದಳು. ಮುಂದಿನವಳು ಬೆಟ್ಟ ನೋಡಿದಳು. ಯಾರೂ ಏನೂ ಅನ್ನಲಿಲ್ಲ. ಅದನ್ನು ದಯೆ ಎನ್ನಬಹುದು. ಆದರೆ ಕುರ್ಚಿ ಒಂದೇ ಇತ್ತು, ಬಯಸಿದವರು ಬಹಳ ಜನ ಇದ್ದರು. ಅಂಥ ಕಡೆ ಸುಮ್ಮನಿರುವುದೂ ಕೆಲವೊಮ್ಮೆ ಒಂದು ಕಸುಬು: ಇವಳು ತಾನಾಗಿಯೇ ಬೀಳುತ್ತಾಳೆ, ನಾವ್ಯಾಕೆ ತಳ್ಳಬೇಕು?

ಬೆಟ್ಟದ ನಡುವೆ ಒಂದು ಸಮತಟ್ಟು ಜಾಗ. ಸುತ್ತಲೂ ಹೂವು, ನಡುವೆ ಅಗಲವಾದ ಬಂಡೆ. ಮ್ಯಾನೇಜರ್ ಬಂಡೆಯ ಮೇಲೆ ಕೂತು ಬೆವರು ಒರೆಸಿಕೊಂಡ. "ಇಲ್ಲೇ ತಿಂಡಿ!" ಎಂದ. ಬ್ರೆಡ್ಡು, ಬೇಯಿಸಿದ ಮೊಟ್ಟೆ ಹಂಚಿದರು.

ಯಾರೂ ಕೂರಲಿಲ್ಲ.

ಹುಲ್ಲು ಮೆತ್ತಗಿತ್ತು, ಬಂಡೆಗಳು ಬೇಕಾದಷ್ಟಿದ್ದವು, ಕಾಲುಗಳು ನಡುಗುತ್ತಿದ್ದವು. ಆದರೂ ಅಷ್ಟೂ ಜನ ಮ್ಯಾನೇಜರನ ಸುತ್ತ ಅರ್ಧಚಂದ್ರವಾಗಿ ನಿಂತು, ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದು ಕೈಯಲ್ಲಿ ಬ್ರೆಡ್ಡು ಹಿಡಿದು, ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸುತ್ತ ತಿನ್ನತೊಡಗಿದರು. ಅವನ ಕಣ್ಣೆದುರು ಕೂರಬಾರದೆಂದು ಅವರಿಗೆ ಯಾರೂ ನೆನಪಿಸಬೇಕಿರಲಿಲ್ಲ. ಅದು ತಲೆಯಲ್ಲಿರಲಿಲ್ಲ, ಮಂಡಿಯಲ್ಲಿತ್ತು. ಮಂಡಿ ಮಡಚಲೇ ಇಲ್ಲ.

ಮ್ಯಾನೇಜರ್ ಸುತ್ತ ನೋಡಿದ. ಅವನ ಕಣ್ಣು ತುಂಬಿ ಬಂತು. "ನೋಡಿ, ಇದಕ್ಕೇ ನಾನು ನಿಮ್ಮನ್ನ ಮೆಚ್ಚೋದು. ನನಗೇ ಸುಸ್ತಾಗಿದೆ, ನಿಮ್ಮಲ್ಲಿ ಒಬ್ಬರಿಗೂ ಸುಸ್ತೇ ಇಲ್ಲ!"

ಇದನ್ನು ಕೇಳಿ ಓರಗಿತ್ತಿಯ ಮನಸ್ಸು ಕರಗಿತು. ಅವನ ಕಣ್ಣಲ್ಲಿ ನೀರು ಕಂಡಿದ್ದಳಲ್ಲ. ಶೆಡ್ಡಿನ ಮ್ಯಾನೇಜರೇ ಬೇರೆ, ಹುಲ್ಲಿನ ಟೋಪಿ ಹಾಕಿಕೊಂಡು ಹೂವಿನ ಮಧ್ಯೆ ಮೊಟ್ಟೆ ತಿನ್ನುವ ಈ ಮನುಷ್ಯನೇ ಬೇರೆ ಎಂದುಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ. ಟೋಪಿ ಬದಲಾದರೆ ತಲೆ ಬದಲಾಗುತ್ತದೆ ಎಂದು ನಂಬಿದಳು. ಗೂಟದಕ್ಕ ನೀರು ಕುಡಿಯಲು ಅತ್ತ ತಿರುಗಿದ್ದಾಗ ಬಂಡೆಯ ಹತ್ತಿರ ಹೋಗಿ ನಿಂತಳು.

"ಸಾರ್, ಒಂದು ಮಾತು. ಅಕ್ಕನ ಕಾಲಿಗೆ ಹುಣ್ಣಾಗಿದೆ ಸಾರ್. ನಿಂತೂ ನಿಂತೂ ಆಗಿದ್ದು. ಅವಳು ಹೇಳ್ಕೊಳ್ಳಲ್ಲ. ಆ ತೇಪೆ ಮೂಲೆ ಅವಳಿಗೆ ಕೊಟ್ರೆ..."

ಮೆಲ್ಲಗೇ ಹೇಳಿದ್ದಳು. ಆದರೆ ರೋಲರಿನ ಸದ್ದಿನ ಮೇಲೆ ಕೂಗಿ ಕೂಗಿ ಅವಳ ಮೆಲುದನಿ ಎಂದೋ ಸತ್ತಿತ್ತು. ಎಲ್ಲರಿಗೂ ಕೇಳಿಸಿತು. ಬ್ರೆಡ್ಡು ಅಗಿಯುವ ಬಾಯಿಗಳು ನಿಂತವು.

ಮ್ಯಾನೇಜರ್ ಮೊಟ್ಟೆ ಕೆಳಗಿಟ್ಟ. ಅವನ ಮುಖದಲ್ಲಿ ಟೋಪಿಯ ನೆರಳೊಂದೇ ಉಳಿಯಿತು. "ಹುಣ್ಣಾ?" ಎಂದ. "ಹುಣ್ಣಿಟ್ಕೊಂಡು ಆಸ್ಪತ್ರೆ ಶೀಟು ಮುಟ್ತಿದಾರಾ? ಎಷ್ಟು ದಿನದಿಂದ?"

ಗೂಟದಕ್ಕ ತಿರುಗಿದಳು. ನೀರಿನ ಬಾಟಲಿ ಕೈಯಲ್ಲೇ ಇತ್ತು. ಯೋಚಿಸಲು ಅವಳಿಗೆ ಸಿಕ್ಕಿದ್ದು ಒಂದು ಗುಟುಕಿನಷ್ಟು ಹೊತ್ತು. ಕಾಲು ಉಳಿಸಿಕೊಳ್ಳುವ ಹೊತ್ತಲ್ಲ ಇದು, ಕೆಲಸ ಉಳಿಸಿಕೊಳ್ಳುವ ಹೊತ್ತು. ಅವಳು ನಕ್ಕಳು. ಜೋರಾಗಿಯೇ ನಕ್ಕಳು.

"ನಂಬಬೇಡಿ ಸಾರ್ ಅವಳನ್ನ! ನನ್ನ ಕಾಲಿಗೇನಾಗಿದೆ? ಬೆಳಗ್ಗಿಂದ ನಿಮ್ಮ ಹಿಂದೆನೇ ಇಲ್ವಾ ನಾನು? ಕಾಲು ನೋವು ಇರೋದು ಅವಳಿಗೆ. ಮನೇಲಿ ದಿನಾ ಗೋಳು. ನಿಮ್ಮತ್ರ ಹೇಳ್ಕೊಳ್ಳೋಕೆ ನಾಚಿಕೆ, ಅದಕ್ಕೇ ನನ್ನ ಹೆಸರು ಹಿಡ್ಕೊಂಡು ಹೇಳ್ತಿದಾಳೆ. ಹುಣ್ಣೂ ಇಲ್ಲ ಮಣ್ಣೂ ಇಲ್ಲ. ಕುರ್ಚಿ ಆಸೆ ಸಾರ್, ಇನ್ನೇನು?"

ಓರಗಿತ್ತಿ ಬಂಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಹೌದೇನಮ್ಮಾ?" ಮ್ಯಾನೇಜರ್ ಅವಳನ್ನು ಕೇಳಿದ. "ನಿನಗಾ ಕಾಲು ನೋವು?"

ಓರಗಿತ್ತಿ ಅಕ್ಕನನ್ನು ನೋಡಿದಳು. ಶೀಟು ಎಳೆದು ಹಿಡಿಯುವಾಗ ಇಬ್ಬರೂ ಹೀಗೆಯೇ ನೋಡಿಕೊಳ್ಳುತ್ತಿದ್ದರು. ಒಬ್ಬಳು ಬಿಟ್ಟರೆ ಇನ್ನೊಬ್ಬಳೂ ಬಿಡಬೇಕು. "ಹೌದು ಸಾರ್," ಎಂದಳು. "ನನಗೇ. ತಪ್ಪಾಯ್ತು."

"ಥೂ, ಒಡಹುಟ್ಟಿದೋಳ ಥರ ಇದ್ದೋಳ ಮೇಲೆ ಹುಣ್ಣು ಹೊರಿಸ್ತಾಳಲ್ಲ," ಎಂದಿತು ಹಿಂದಿನಿಂದ ಒಂದು ದನಿ. ಷೂ ನೋಡಿದ್ದವಳ ದನಿಯೇ ಅದು.

"ಹೋಗಲಿ ಬಿಡಿ," ಎಂದ ಮ್ಯಾನೇಜರ್. ಅವನಿಗೆ ನಿರಾಳವಾಗಿತ್ತು. ಮತ್ತೆ ಮೊಟ್ಟೆ ಎತ್ತಿಕೊಂಡ. "ಆದ್ರೂ ಅಕ್ಕಾ, ನಿಮ್ಮ ಕಾಲು ಗಟ್ಟಿ ಇದೆ ಅಂತ ನಾನು ನೋಡಬೇಕಲ್ಲ. ತುದಿವರೆಗೆ ಬರ್ತೀರಾ ನನ್ನ ಜೊತೆ?"

"ಬರ್ತೀನಿ ಸಾರ್."

ಮಿಕ್ಕವರಿಗೆ ತುದಿ ಕಡ್ಡಾಯವಿರಲಿಲ್ಲ. ಸಮತಟ್ಟಿನಲ್ಲೇ ಉಳಿದರು. ಮ್ಯಾನೇಜರ್ ಕಣ್ಮರೆಯಾದ ಮರುಗಳಿಗೆ ಎಲ್ಲರೂ ದೊಪ್ಪೆಂದು ಹುಲ್ಲಿನ ಮೇಲೆ ಬಿದ್ದರು. ಓರಗಿತ್ತಿಯ ಪಕ್ಕ ಯಾರೂ ಕೂರಲಿಲ್ಲ.

ತುದಿಯ ದಾರಿ ಕಡಿದಾದದ್ದು. ಗೂಟದಕ್ಕ ಅದನ್ನು ಹೇಗೆ ಹತ್ತಿದಳು ಎಂದು ಅವಳಿಗೇ ಆಮೇಲೆ ಹೇಳಲು ಬರಲಿಲ್ಲ. ಪಟ್ಟಿ ಜಾರಿ ಷೂವಿನೊಳಗೆ ಮುದ್ದೆಯಾಗಿತ್ತು. ಕಣ್ಣೆದುರು ಬಿಳಿ ಬಿಳಿ ಚುಕ್ಕೆ ಕುಣಿಯುತ್ತಿದ್ದವು. ಮ್ಯಾನೇಜರ್ ಮುಂದೆ ಹೋಗುತ್ತ ತನ್ನ ಅಮ್ಮನಿಗೆ ಹೂವೆಂದರೆ ಎಷ್ಟು ಇಷ್ಟವಿತ್ತು ಎಂಬುದನ್ನು ಹೇಳುತ್ತಿದ್ದ. ಅವನ ಅಮ್ಮನೂ ಕಾಲು ನೋವಿನಿಂದಲೇ ಕೊನೆಗೆ ಹಾಸಿಗೆ ಹಿಡಿದಳಂತೆ, ಪಾಪ. ಕಾಲು ನೋವು ಅಂದರೆ ತನ್ನಿಂದ ನೋಡಲಾಗುವುದಿಲ್ಲವಂತೆ. ಗೂಟದಕ್ಕ "ಹೌದು ಸಾರ್, ಹೌದು ಸಾರ್" ಎನ್ನುತ್ತ, ಹಿಡಿಯಲು ಸಿಕ್ಕ ಗಿಡದ ಬುಡ ಹಿಡಿದು, ತನ್ನ ಎಡಗಾಲನ್ನು ಬೇರೆ ಯಾರದೋ ಸಾಮಾನಿನ ಹಾಗೆ ಎಳೆದು ಎಳೆದು ತಂದಳು.

ತುದಿಯಲ್ಲಿ ಅವನು ಅವಳನ್ನು ಹೂವಿನ ಮಧ್ಯೆ ನಿಲ್ಲಿಸಿ ಅವಳ ಬೆನ್ನು ತಟ್ಟಿದ. "ಕಬ್ಬಿಣ! ನಿಮ್ಮ ಕಾಲು ಕಬ್ಬಿಣ ಅಕ್ಕಾ!"

ಅವಳ ಎದೆಯಲ್ಲಿ ಕುರ್ಚಿ ಆಗಲೇ ಬಂದು ಕೂತಿತ್ತು.

ಇಳಿಯುವಾಗ ನೋವು ಗೊತ್ತಾಗಲಿಲ್ಲ. ಮೊಣಕಾಲಿನ ಕೆಳಗೆ ಏನೂ ಇರಲೇ ಇಲ್ಲ. ಬಸ್ಸು ಹತ್ತಿ ಸೀಟಿನಲ್ಲಿ ಒರಗಿದಾಗ ಪಕ್ಕಕ್ಕೆ ಓರಗಿತ್ತಿ ಬಂದು ಕೂತಳು. ಗೂಟದಕ್ಕ ಅವಳ ಕೈ ಹಿಡಿದಳು. "ಕೋಪ ಮಾಡ್ಕೋಬೇಡ ಕಣೇ. ಇನ್ನೇನು ಮಾಡ್ಲಿ ಹೇಳು. ಮನೇಲಿ ಕಾಲಿಗೆ ಬೀಳ್ತೀನಿ."

"ನೀನ್ಯಾಕೆ ಬೀಳ್ತೀಯ. ಇರೋ ಕಾಲು ಉಳಿಸ್ಕೋ," ಎಂದಳು ಓರಗಿತ್ತಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅತ್ತು ಮುಗಿದ ಮೇಲಿನ ಸುಸ್ತಿತ್ತು.

ಬಸ್ಸು ಹೊರಟ ಮೇಲೆ ಮ್ಯಾನೇಜರ್ ಮುಂದಿನ ಕಂಬ ಹಿಡಿದು ಎದ್ದು ನಿಂತ. ಬಿಸಿಲಿಗೆ ಮೂಗು ಕೆಂಪಾಗಿತ್ತು. "ಇವತ್ತು ನನಗೆ ಎರಡು ವಿಷಯ ಗೊತ್ತಾಯ್ತು," ಎಂದ. "ಒಂದು, ನಮ್ಮ ರೋಲರಿನ ಅಕ್ಕ. ಈ ವಯಸ್ಸಲ್ಲಿ ನನ್ನ ಸರಿಸಮಕ್ಕೆ ತುದಿ ಮುಟ್ಟಿದ್ರು! ಇಂಥ ಕಬ್ಬಿಣದ ಕಾಲಿಟ್ಕೊಂಡು ಇವರು ಮೂಲೇಲಿ ಕೂತ್ರೆ ಕಂಪನಿಗೆ ನಷ್ಟ. ಇನ್ನೂ ಹತ್ತು ವರ್ಷ ರೋಲರ್ ಇವರದೇ. ಚಪ್ಪಾಳೆ!"

ಚಪ್ಪಾಳೆ ಬಿತ್ತು.

"ಎರಡನೇದು, ನಮ್ಮಲ್ಲಿ ಕೆಲವರು ನೋವು ಇದ್ರೂ ಹೇಳ್ಕೊಳ್ಳೋಕೆ ಹಿಂಜರೀತಾರೆ. ಸುಳ್ಳು ಹೇಳಿದ್ದು ತಪ್ಪು. ಆದ್ರೆ ನಾನು ಕ್ಷಮಿಸಿದೀನಿ. ನನ್ನ ತಾಯಿ ನೆನಪಾದ್ರು, ಅವರಿಗೂ ಕಾಲು ನೋವಿತ್ತು. ನಾಳೆಯಿಂದ ತೇಪೆ ಮೂಲೆಗೆ ಅಕ್ಕನ ಓರಗಿತ್ತಿ. ಕೂತು ಕೆಲಸ ಮಾಡಮ್ಮಾ."

ಈ ಸಲ ಚಪ್ಪಾಳೆ ತಡವಾಗಿ ಬಂತು. ಬಾಯ್ಲರ್ ಮಾವ ಶುರುಮಾಡಿದ, ಮಿಕ್ಕವರು ಹಿಂಬಾಲಿಸಿದರು. ಗೂಟದಕ್ಕನೂ ತಟ್ಟಿದಳು. ಅವಳ ಕೈಗಳು ತಟ್ಟಿದವು, ಅವಳಿಗೆ ಅದು ಕಾಣುತ್ತಿತ್ತು.

"ನೀನು ಬೇಡ ಅನ್ನು," ಎಂದಳು, ಮುಂದೆಯೇ ನೋಡುತ್ತ. "ಈಗಲೇ ಎದ್ದು, ಬೇಡ ಸಾರ್ ಅಕ್ಕನಿಗೆ ಕೊಡಿ ಅನ್ನು."

ಓರಗಿತ್ತಿ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ಬೆಟ್ಟದ ಬುಡದ ಹಳದಿ ಹಿಂದಕ್ಕೆ ಓಡುತ್ತಿತ್ತು.

"ನಾನು ಬೇಡ ಅಂದ್ರೆ ನಿನಗೆ ಕೊಡ್ತಾನಾ ಅಕ್ಕಾ? ಕಬ್ಬಿಣದ ಕಾಲು ಅಂತ ಈಗ ತಾನೇ ಅಂದ. ಮಡಚೋರಲ್ಲಿ ಯಾರಿಗಾದ್ರೂ ಹೋಗುತ್ತೆ. ಆಗ ಮನೇಲಿ ಇಬ್ಬರದೂ ಕಾಲು ಹೋಗುತ್ತೆ."

"ಅಂದ್ರೆ ಕೂರ್ತೀಯ."

"ನೀನೇ ಕೂರಿಸಿದ್ದು," ಎಂದಳು ಓರಗಿತ್ತಿ. ಮೆಲ್ಲಗೆ ಹೇಳಲು ಹೋದಳು, ಅಕ್ಕಪಕ್ಕದ ಸೀಟುಗಳಿಗೆಲ್ಲ ಕೇಳಿಸಿತು. ಆಮೇಲೆ ಅಕ್ಕನ ಕಿವಿಗೇ ಬಾಯಿ ಹಚ್ಚಿ ಪಿಸುಗುಟ್ಟಿದಳು: "ಈಗಲೂ ಹೊತ್ತು ಮೀರಿಲ್ಲ. ಹೋಗು, ನಿಜ ಹೇಳು. ಷೂ ಬಿಚ್ಚಿ ತೋರಿಸು. ಅವನಮ್ಮನಿಗೂ ಕಾಲು ನೋವಿತ್ತಂತಲ್ಲ, ಕರಗಬಹುದು."

ಅದೇ ನಂಬಿಕೆ, ಮತ್ತೆ. ಆದರೆ ಈಗ ಗೂಟದಕ್ಕನಿಗೆ ಬೇರೆ ಏನೂ ಉಳಿದಿರಲಿಲ್ಲ. ಎದ್ದಳು. ಸೀಟಿನಿಂದ ಸೀಟಿಗೆ ಕೈ ಊರುತ್ತ, ಓಲಾಡುವ ಬಸ್ಸಿನಲ್ಲಿ ಮುಂದಕ್ಕೆ ನಡೆದಳು. ಎಲ್ಲರೂ ಅವಳ ಎಡಗಾಲನ್ನೇ ನೋಡುತ್ತಿದ್ದರು. ಕೆಸರು ಒಣಗಿ ಉದುರಿತ್ತು.

ಮ್ಯಾನೇಜರ್ ಇನ್ನೂ ಮಾತು ಮುಗಿಸಿರಲಿಲ್ಲ. "...ಆ ಹುಣ್ಣಿನ ಮಾತು ಕೇಳಿ ನನ್ನ ಜೀವವೇ ಹೋಗಿತ್ತು ಕಣ್ರಪ್ಪಾ. ನಿಜವಾಗಿದ್ರೆ ಏನು ಮಾಡಬೇಕಿತ್ತು ನಾನು? ನಾಳೆ ಬೆಳಗ್ಗೆನೇ ಅಕ್ಕನ್ನ ಮನೆಗೆ ಕಳಿಸಬೇಕಿತ್ತು. ನನಗೆ ಎಷ್ಟೇ ಅಯ್ಯೋ ಅನ್ನಿಸಲಿ, ನಿಯಮ ನಿಯಮವೇ. ದೇವರು ದೊಡ್ಡೋನು, ಸುಳ್ಳಾಯ್ತು." ತಿರುಗಿದವನು ಎದುರಿಗೇ ಅವಳನ್ನು ಕಂಡ. "ಏನಕ್ಕಾ? ಏನೋ ಹೇಳೋಕೆ ಬಂದ್ರಿ?"

ಬಸ್ಸು ಹಳ್ಳಕ್ಕೆ ಬಿದ್ದು ಎದ್ದಿತು. ಅವಳು ಕಂಬ ಹಿಡಿದುಕೊಂಡಳು.

"ಏನಿಲ್ಲ ಸಾರ್," ಎಂದಳು. "ಹೂವು ಚೆನ್ನಾಗಿತ್ತು, ಅಂತ ಹೇಳೋಣ ಅಂತ ಬಂದೆ."

ಅವನ ಮುಖ ಅರಳಿತು. ಅಷ್ಟು ಜನರಲ್ಲಿ ಹೂವು ಚೆನ್ನಾಗಿತ್ತೆಂದು ಅವನಿಗೆ ಬಂದು ಹೇಳಿದವಳು ಇವಳೊಬ್ಬಳೇ. "ಹೌದಾ! ಯಾವುದು ಹಿಡಿಸ್ತು ನಿಮಗೆ?"

ಗೂಟದಕ್ಕ ನೆನಪಿಸಿಕೊಳ್ಳಲು ನೋಡಿದಳು. ಬೆಳಗಿನಿಂದ ಅವಳು ಕಂಡದ್ದು ಒಬ್ಬ ಮನುಷ್ಯನ ಬೆನ್ನು, ಒಂದು ಷೂ, ಮತ್ತೆ ಕಣ್ಣು ಕತ್ತಲಿಟ್ಟಾಗಿನ ಆ ಚುಕ್ಕೆಗಳು.

"ಬಿಳೀದು ಸಾರ್."

"ಬಿಳೀದಾ?" ಮ್ಯಾನೇಜರ್ ಸುತ್ತ ನೋಡಿದ. "ಬಿಳಿ ಹೂವು ಎಲ್ಲಿತ್ರೀ? ಇಡೀ ಬೆಟ್ಟದಲ್ಲಿ ಒಂದೂ ಕಾಣಲಿಲ್ಲವಲ್ಲ!"

"ಯಾರೋ ಬೆಡ್‌ಶೀಟ್ ಒಣಗಾಕಿದ್ದು ಕಂಡಿರಬೇಕು ಸಾರ್!" ಎಂದ ಬಾಯ್ಲರ್ ಮಾವ.

ಬಸ್ಸು ಗೊಳ್ಳೆಂದಿತು. ಅವಳೂ ನಕ್ಕಳು, ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಜೋರಾಗಿ. ಮ್ಯಾನೇಜರ್ ಕಣ್ಣೊರೆಸಿಕೊಳ್ಳುತ್ತ ಅವಳ ಭುಜ ತಟ್ಟಿ, "ಹೋಗಿ, ಹೋಗಿ ಕೂತ್ಕೊಳ್ಳಿ ಅಕ್ಕಾ," ಎಂದ. "ನಾಳೆ ಬೇಗ ಬರಬೇಕು. ಆಸ್ಪತ್ರೆ ಮಾಲು ರಾಶಿ ಬಿದ್ದಿದೆ."